ಸಹಾಯ ಬೇಕು: ಚಿಕ್ಕ ಟಾರ್ಚಿಗೆ ಮಣಿಕಟ್ಟಿನ ದಾರ ಕಟ್ಟುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಒಂದೇ ಎಎ ಸೆಲ್ಲಿನ ಪುಟ್ಟ ಟಾರ್ಚ್ ಇದೆ. ಕಳೆದ ವಾರ ಕತ್ತಲಲ್ಲಿ ಏಣಿ ಹತ್ತುವಾಗ ಅದು ಕೈಜಾರಿ ಬಿತ್ತು. ಅಂದಿನಿಂದ ಅದಕ್ಕೆ ಮಣಿಕಟ್ಟಿನ ದಾರ ಕಟ್ಟಲೇಬೇಕೆಂದು ಹಟ ಹಿಡಿದಿದ್ದೇನೆ.

ಹಿಂಬದಿಯ ಮುಚ್ಚಳದಲ್ಲಿ ದಾರಕ್ಕೆಂದೇ ಒಂದು ತೂತು ಇದೆ, ಆದರೆ ಅದರ ಅಗಲ 2 ಮಿಲಿಮೀಟರ್ ಕೂಡ ಇಲ್ಲ. ನನ್ನಲ್ಲಿರುವ ಪ್ಯಾರಾಕಾರ್ಡ್ (ಒಳಗೆ ಹಲವು ಎಳೆಗಳಿರುವ ನೈಲಾನ್ ಹಗ್ಗ) ಸುಮಾರು 4 ಮಿಲಿಮೀಟರ್ ದಪ್ಪ. ಅದರ ಒಳಗಿನ ಎಳೆಯೊಂದನ್ನು ಬಿಡಿಸಿ, ಮಡಚಿ, ಹೊಲಿಗೆ ದಾರದ ಕುಣಿಕೆಗೆ ಸಿಕ್ಕಿಸಿ ಎಳೆದೆ. ತೂರಿತು! ಮಡಚಿದ ಎಳೆಯ ಕುಣಿಕೆಯೊಳಗೆ ಅದರ ಇನ್ನೊಂದು ತುದಿಯನ್ನು ನುಗ್ಗಿಸಿ ಬಿಗಿದೆ. ಎರಡೇ ದಿನಗಳಲ್ಲಿ ತೂತಿನ ಚೂಪು ಅಂಚಿಗೆ ಉಜ್ಜಿ ಉಜ್ಜಿ ಎಳೆ ಸವೆದಿದೆ. ಸಣ್ಣ ಉಕ್ಕಿನ ರಿಂಗ್ ಹಾಕಿದರೆ ದಾರ ಉಳಿಯುತ್ತದೆ, ಆದರೆ ಟಾರ್ಚ್ ಮೇಜಿನ ಮೇಲೆ ನೆಟ್ಟಗೆ ನಿಲ್ಲುವುದಿಲ್ಲ. ಕರೆಂಟು ಹೋದಾಗ ಅದನ್ನು ನಿಲ್ಲಿಸಿ ಚಾವಣಿಗೆ ಬೆಳಕು ಬಿಡುವ ಅಭ್ಯಾಸ ನನ್ನದು, ಅದನ್ನು ಬಿಡಲಾರೆ.

ಅಂಚನ್ನು ಸಣ್ಣ ಅರದಿಂದ ಉಜ್ಜಿ ನುಣುಪು ಮಾಡಬಹುದೇ? ಅಲ್ಯೂಮಿನಿಯಂ ಮೇಲಿನ ಆನೊಡೈಸ್ ಪದರ (ಲೋಹವನ್ನು ಕಾಯುವ ಗಟ್ಟಿ ಹೊರಪದರ) ಅಷ್ಟು ಜಾಗದಲ್ಲಿ ಹೋದರೆ ತೊಂದರೆಯೇ? ದಾರ ಎಲ್ಲಾದರೂ ಸಿಕ್ಕಿಕೊಂಡಾಗ ತಾನೇ ಬಿಚ್ಚಿಕೊಳ್ಳುವ ಕೊಂಡಿಯನ್ನು ಬಳಸಿದವರಿದ್ದರೆ ದಯವಿಟ್ಟು ತಿಳಿಸಿ.