ನಾಟಕದವರು ಸಿನಿಮಾ ಮಾಡಬಹುದಾ? ಸ್ಯಾಮ್ ಮೆಂಡಿಸ್ ಬಗ್ಗೆ ಒಂದು ಪ್ರಶ್ನೆ

ಬದಿಯಡ್ಕದವ:
ನಮ್ಮ ಯುವಕ ಮಂಡಲದ ವಾರ್ಷಿಕೋತ್ಸವಕ್ಕೆ ನಾಟಕ ಆಡಿಸುವುದು ನಾನೇ. ಈ ಸಲ ಹುಡುಗರಿಗೆ ಕಿರುಚಿತ್ರದ ಹುಚ್ಚು. ಮೊಬೈಲಲ್ಲಿ ಒಂದು ದೃಶ್ಯ ತೆಗೆದು ನೋಡಿದೆವು. ಮಗ ಎದುರಿಗೇ ನಿಂತಿದ್ದಾನೆ, ಅಪ್ಪನ ಪಾತ್ರದವರು ಮೈದಾನದ ಕೊನೆಗೆ ಕೇಳುವ ಹಾಗೆ ಡೈಲಾಗ್ ಹೊಡೆಯುತ್ತಾರೆ! '1917' ಸಿನಿಮಾ ಮಾಡಿದ ಸ್ಯಾಮ್ ಮೆಂಡಿಸ್ ಕೂಡ ನಾಟಕದಿಂದ ಬಂದವರಂತೆ, ಅಲ್ವಾ? ಅವರು ಇದನ್ನೆಲ್ಲ ಹೇಗೆ ದಾಟಿದರು?

ಕುಂಬಳೆ ಮಾಸ್ಟ್ರು:
ತಮ್ಮಾ, ಅವರು ನಾಟಕ ಬಿಟ್ಟು ಹೋದವರಲ್ಲ. ಇವತ್ತಿಗೂ ಎರಡೂ ಕಡೆ ಓಡಾಡಿಕೊಂಡಿದ್ದಾರೆ. ಹುಟ್ಟಿದ್ದು 1965ರಲ್ಲಿ, ಓದಿದ್ದು ಕೇಂಬ್ರಿಜ್‌ನಲ್ಲಿ. 1989ರಲ್ಲಿ, ಇನ್ನೂ 24ರ ಹುಡುಗ, ಲಂಡನ್ನಿನಲ್ಲಿ ಜೂಡಿ ಡೆಂಚ್ ಅವರನ್ನು ಹಾಕಿಕೊಂಡು ರಷ್ಯದ ನಾಟಕಕಾರ ಚೆಕಾವನ 'ಚೆರ್ರಿ ಆರ್ಚರ್ಡ್' ಆಡಿಸಿದರು. ಅಷ್ಟು ದೊಡ್ಡ ನಟಿಗೆ 'ಸ್ವಲ್ಪ ಹಿಂದೆ ನಿಲ್ಲಿ' ಅನ್ನಲಿಕ್ಕೆ ಆ ಪ್ರಾಯದಲ್ಲಿ ಎಷ್ಟು ಗುಂಡಿಗೆ ಬೇಕು!

1992ರಿಂದ 2002ರ ತನಕ ಡಾನ್‌ಮಾರ್ ವೇರ್‌ಹೌಸ್ ಎಂಬ ರಂಗಮಂದಿರ ಅವರ ಕೈಯಲ್ಲಿತ್ತು. ಸೀಟು ಸುಮಾರು 250 ಮಾತ್ರ. ನನ್ನ ಪ್ರಕಾರ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಉಂಟು. 'ಕ್ಯಾಬರೆ' ಎಂಬ ಸಂಗೀತ ನಾಟಕ ಆಡಿಸುವಾಗ ಥಿಯೇಟರನ್ನೇ ನೈಟ್‌ಕ್ಲಬ್ ಮಾಡಿ, ಜನರನ್ನು ಮೇಜುಗಳ ಸುತ್ತ ಕೂರಿಸಿದರು. ಅಷ್ಟು ಹತ್ತಿರ ಕೂತವರ ಎದುರು ಬೊಬ್ಬೆ ಹೊಡೆದರೆ ಯಾರು ಕೇಳುತ್ತಾರೆ? ಹುಬ್ಬು ಸ್ವಲ್ಪ ಅಲ್ಲಾಡಿದರೂ ಅಲ್ಲಿ ಕಾಣುತ್ತದೆ. ಕ್ಯಾಮೆರಾಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಯಾವುದು?

ಮೊದಲ ಸಿನಿಮಾ 1999ರ 'ಅಮೆರಿಕನ್ ಬ್ಯೂಟಿ'. ಮೊದಲ ಕೆಲವು ದಿನ ತೆಗೆದದ್ದು ಮನಸ್ಸಿಗೆ ಬರಲಿಲ್ಲ. ಮತ್ತೆ ತೆಗೆಯುತ್ತೇನೆ ಎಂದು ನಿರ್ಮಾಪಕರನ್ನು ಕೇಳಿಕೊಂಡರು. ಕೊನೆಗೆ ಅದಕ್ಕೆ ಐದು ಆಸ್ಕರ್, ಒಂದು ಅವರಿಗೇ. ಅವರು ಮಾಡಿದ ಜೇಮ್ಸ್ ಬಾಂಡ್ ಚಿತ್ರಗಳ ಬಗ್ಗೆ ನನ್ನ ಮಗನನ್ನು ಕೇಳಿ, ನನಗೆ ಅದರಲ್ಲಿ ರುಚಿಯಿಲ್ಲ.

'1917'ಕ್ಕೆ ಬೀಜ ಅವರ ಅಜ್ಜ ಹೇಳಿದ ಮೊದಲ ಮಹಾಯುದ್ಧದ ಕಥೆಗಳು. ಇಡೀ ಚಿತ್ರ ಎಲ್ಲೂ ಕಟ್ ಇಲ್ಲದೆ ಒಂದೇ ಉಸಿರಿಗೆ ತೆಗೆದ ಹಾಗೆ ಕಾಣಬೇಕಿತ್ತು. ಹಾಗಾಗಿ ಸೈನಿಕರು ಅಡಗುವ ಕಂದಕ ತೋಡುವ ಮೊದಲೇ ಖಾಲಿ ಬಯಲಲ್ಲಿ ನಟರ ಕೈಗೆ ಸ್ಕ್ರಿಪ್ಟ್ ಕೊಟ್ಟು ನಡೆಸಿದರು. ಮಾತು ಎಲ್ಲಿ ಮುಗಿಯಿತೋ ಅಲ್ಲಿಗೊಂದು ಗುರುತು. ಆಮೇಲೆ ಆ ಅಳತೆಗೆ ಕಂದಕ ತೋಡಿಸಿದರು. ತಿಂಗಳುಗಟ್ಟಲೆ ರಿಹರ್ಸಲ್ ಆಗಿತ್ತು. ಇದು ಶುದ್ಧ ನಾಟಕದವನ ಬುದ್ಧಿ.

ಉಪ್ಪಳ ಸ್ಟುಡಿಯೋ:
ಮಾಸ್ಟ್ರೇ, ಕ್ಯಾಮೆರಾದವರನ್ನು ಬಿಟ್ಟೇ ಬಿಟ್ಟಿರಲ್ಲ! 'ಅಮೆರಿಕನ್ ಬ್ಯೂಟಿ'ಗೆ ಕಾನ್ರಾಡ್ ಹಾಲ್, '1917'ಕ್ಕೆ ರೋಜರ್ ಡೀಕಿನ್ಸ್. ಇಬ್ಬರಿಗೂ ಆ ಚಿತ್ರಗಳಿಗೇ ಆಸ್ಕರ್ ಬಂದಿದೆ. ಅಂಥವರು ಪಕ್ಕದಲ್ಲಿದ್ದರೆ ಯಾರಿಗೂ ಧೈರ್ಯ ಬರುತ್ತದೆ. ಸುಮ್ನೆ ನಿರ್ದೇಶಕರನ್ನೇ ಹೊಗಳಬೇಡಿ.

ಕುಂಬಳೆ ಮಾಸ್ಟ್ರು:
ಒಪ್ಪಿದೆ. ಆದರೆ ಅವರು ಆಡಿಸಿದ 2018ರ 'ಲೆಹ್ಮನ್ ಟ್ರಿಲಜಿ' ನಾಟಕಕ್ಕೆ ಯಾವ ಕ್ಯಾಮೆರಾ ಇತ್ತು? ಒಂದು ಗಾಜಿನ ಕೋಣೆ, ಮೂರೇ ನಟರು, ಮೂರು ಗಂಟೆಗೂ ಜಾಸ್ತಿ ಹೊತ್ತು. ಲೆಹ್ಮನ್ ಬ್ಯಾಂಕ್ ಕಟ್ಟಿದ ಅಣ್ಣತಮ್ಮಂದಿರು, ಅವರ ಹೆಂಡತಿಯರು, ಮಕ್ಕಳು, ಮೊಮ್ಮಕ್ಕಳು ಎಲ್ಲ ಆ ಮೂವರೇ, ಹಾಕಿದ ಕಪ್ಪು ಕೋಟಿನಲ್ಲೇ. ತಾಳಮದ್ದಳೆಯಲ್ಲಿ ಶಾಲು ಹೊದ್ದು ಕೂತವರ ಬಾಯಲ್ಲಿ ದ್ರೌಪದಿಯನ್ನು ಕಂಡ ನಮ್ಮ ಊರಿನವರಿಗೆ ಇದನ್ನು ವಿವರಿಸಬೇಕಾ? 2022ರಲ್ಲಿ ಅದಕ್ಕೆ ಮೆಂಡಿಸ್ ಅವರಿಗೆ ಅಮೆರಿಕದ ರಂಗಭೂಮಿಯ ದೊಡ್ಡ ಪ್ರಶಸ್ತಿಯಾದ ಟೋನಿಯೂ ಬಂತು.

ಬದಿಯಡ್ಕದವ:
ಹಾಗಾದರೆ ರಿಹರ್ಸಲ್ ಸ್ಟೇಜಿನಲ್ಲಿ ಬೇಡವಾ?

ಕುಂಬಳೆ ಮಾಸ್ಟ್ರು:
ಬೇಡ. ಚಾವಡಿಯ ದೃಶ್ಯ ಚಾವಡಿಯಲ್ಲೇ ಆಗಲಿ. ನೀವು ಪಕ್ಕದಲ್ಲೇ ಕುರ್ಚಿ ಹಾಕಿ ಕೂತುಕೊಳ್ಳಿ. ಎದುರಿಗೆ ಜನ ಹತ್ತಿರ ಇದ್ದರೆ ಸ್ವರ ತಾನಾಗಿ ಇಳಿಯುತ್ತದೆ. ಮೊಬೈಲ್ ಎಲ್ಲಿಡುವುದು ಎಂದು ಆಮೇಲೆ ನೋಡಿ.

ಉಪ್ಪಳ ಸ್ಟುಡಿಯೋ:
ಅಂಗಿಗೆ ಸಿಕ್ಕಿಸುವ ಮೈಕ್ ನನ್ನ ಹತ್ತಿರ ಎರಡುಂಟು. ಮದುವೆ ಇಲ್ಲದ ದಿನ ಬಂದು ತಗೊಂಡು ಹೋಗಿ. ಬಾಡಿಗೆ ಬೇಡ, ಬ್ಯಾಟರಿ ನೀವೇ ಹಾಕಿಸಿ.