ಕೃಷ್ಣಮೃಗದ ಬಯಲಿನ ಪಕ್ಕ ಹೊಲ, ನಾಯಿ ಹಿಂಡಿನ ಕಾಟ: ಅನುಭವ ಇದ್ದವರು ಹೇಳಿ

ಕೇಳಿದವರು, ಮಧುಗಿರಿ ತಾಲ್ಲೂಕು

ನಮ್ಮ ಜಮೀನು ಮೈದನಹಳ್ಳಿ ಕಡೆ, ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶದ ಅಂಚಿನಲ್ಲಿದೆ. ತಾತನ ಕಾಲದಲ್ಲಿ ಇದೇ ಬಯಲಲ್ಲಿ ಮೊಲ, ಕೌಜುಗದ ಬೇಟೆ ಆಡುತ್ತಿದ್ದರಂತೆ. ಈಗ ಇಲ್ಲಿ ಬೇಟೆಯಾಡುತ್ತಿರುವುದು ಬೀದಿನಾಯಿಗಳು. ಏಳೆಂಟರ ಹಿಂಡು ಬೆಳಗಿನ ಜಾವ ಬರುತ್ತದೆ. ಜಿಂಕೆ ಮರಿಯನ್ನು ಅಟ್ಟಿಸಿಕೊಂಡು ಹೋಗಿದ್ದನ್ನು ಕಣ್ಣಾರೆ ಕಂಡಿದ್ದೇವೆ. ಹೋದ ವಾರ ಪಕ್ಕದವರ ಕುರಿ ರೊಪ್ಪಕ್ಕೆ ನುಗ್ಗಿ ಕೊಂದು ಹಾಕಿ ಹೋಗಿವೆ, ತಿಂದಿದ್ದು ಮಾತ್ರ ಸ್ವಲ್ಪವೇ. ಮಾಂಸಕ್ಕೆ ವಿಷ ಬೆರೆಸಿ ಇಡಿ ಅಂತ ಒಬ್ಬರು, ಹಿಡಿದು ಹಿಂದೂಪುರದ ಕಡೆ ಬಿಟ್ಟು ಬನ್ನಿ ಅಂತ ಇನ್ನೊಬ್ಬರು. ನನಗೆ ಎರಡಕ್ಕೂ ಮನಸ್ಸು ಒಪ್ಪುತ್ತಿಲ್ಲ. ನಿಮ್ಮ ಊರುಗಳಲ್ಲಿ ಏನು ಮಾಡಿದಿರಿ, ದಯವಿಟ್ಟು ಹೇಳಿ.

ಪಾವಗಡದಿಂದ

ವಿಷದ ಮಾತು ಅಲ್ಲಿಗೇ ಬಿಟ್ಟುಬಿಡಿ. ನಮ್ಮ ಪಕ್ಕದ ಹಟ್ಟಿ ಹತ್ತಿರ ಯಾರೋ ಫ್ಯೂರಡಾನ್ ಅನ್ನುವ ಕೀಟನಾಶಕ ಕಲಸಿದ ಕೋಳಿ ಕರುಳನ್ನು ಹಳ್ಳದ ದಂಡೆಗೆ ಎಸೆದಿದ್ದರು. ಹಿಂಡಿನಲ್ಲಿ ಒಂದೆರಡು ನಾಯಿ ಸತ್ತವು. ಅದರ ಜೊತೆಗೆ ಕಾಗೆಗಳು, ಒಂದು ನರಿ, ಕೊನೆಗೆ ಮಂದೆ ಕಾಯುತ್ತಿದ್ದ ನಾಯಿಯೂ ಸತ್ತಿತು. ಕಾವಲು ನಾಯಿ ಹೋದ ಮೇಲೆ ಉಳಿದ ನಾಯಿಗಳಿಗೆ ರೊಪ್ಪದ ದಾರಿ ಇನ್ನೂ ಸಲೀಸಾಯಿತು. ಪ್ರಾಣಿಗೆ ವಿಷ ಹಾಕಿ ಕೊಂದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ 5 ವರ್ಷದವರೆಗೆ ಶಿಕ್ಷೆ ಇದೆ. ಅದೇ ವಿಷಕ್ಕೆ ನವಿಲೋ ಕೃಷ್ಣಮೃಗವೋ ಸತ್ತರೆ 1972ರ ವನ್ಯಜೀವಿ ಕಾಯ್ದೆ ಬೀಳುತ್ತದೆ, ಎರಡೂ ಅದರ ಮೊದಲ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ ಇರುವ ಪ್ರಾಣಿಗಳು. ಹಂದಿಗೆ ಅಂತ ಇಡುವ ಉರುಳು, ಸಿಡಿಮದ್ದು, ಬೇಲಿಗೆ ಕರೆಂಟ್ ಕೊಡುವುದು, ಇವೂ ಅಷ್ಟೇ. ಕರೆಂಟ್ ಬೇಲಿ ನೀರು ಕಟ್ಟಲು ಹೋದ ಮನುಷ್ಯನನ್ನೂ ಬಿಡುವುದಿಲ್ಲ.

ಶಿರಾ ಕಡೆಯ ಕುರಿಗಾರ

ಅಣ್ಣ, ಮೊದಲು ರಾತ್ರಿಯ ಬಂದೋಬಸ್ತು ನೋಡಿಕೊಳ್ಳಿ, ಮಿಕ್ಕಿದ್ದು ಆಮೇಲೆ. ಬರೀ ಜಾಲಿ ಮುಳ್ಳು ಸುತ್ತ ಹಾಕಿದರೆ ಸಾಲದು. ಒಣಗಿದ ಮುಳ್ಳು ಕೆಳಗೆ ಕುಸಿದು ಸಂದಿ ಬಿಡುತ್ತದೆ, ನಾಯಿ ಹೊಟ್ಟೆ ನೆಲಕ್ಕೆ ಒತ್ತಿ ಅಲ್ಲೇ ತೂರುತ್ತದೆ. ನಾವು ಈಗ ಎದೆಮಟ್ಟದ ಜಾಲರಿ ಕಟ್ಟಿ, ಬುಡದ ಒಂದು ಗೇಣನ್ನು ಹೊರಗಡೆಗೆ ಮಡಚಿ, ಅದರ ಮೇಲೆ ಕಲ್ಲು ಹೇರಿದ್ದೇವೆ. ನಾಯಿ ಬೇಲಿ ಬುಡದಲ್ಲೇ ಕೆರೆಯುವುದು. ಕೆರೆದ ಕಡೆ ಜಾಲರಿ ಸಿಕ್ಕರೆ ಬಿಟ್ಟು ಹೋಗುತ್ತದೆ. ಮುಳ್ಳನ್ನು ಜಾಲರಿಯ ಹೊರಗೆ ಇಡಿ. ಮರಿಗಳನ್ನು ರೊಪ್ಪದ ನಡುವೆ ಬೇರೆ ಗೂಡಿನಲ್ಲಿ ಕೂಡಿ. ನಾಯಿ ಒಳಗೆ ಬಂದಾಗ ಕುರಿಗಳು ಒಂದು ಮೂಲೆಗೆ ಒತ್ತಿಕೊಂಡು ಒಂದರ ಮೇಲೊಂದು ಬೀಳುತ್ತವೆ. ಕಚ್ಚಿ ಸಾಯುವುದಕ್ಕಿಂತ ಉಸಿರುಕಟ್ಟಿ ಸಾಯುವ ಮರಿಗಳೇ ಎಷ್ಟೋ ಸಲ ಹೆಚ್ಚು.

ಕಾವಲಿಗೆ ಎರಡು ನಾಯಿ ಇರಲಿ, ಒಂದೇ ಆದರೆ ಹಿಂಡು ಅದನ್ನೇ ಹರಿದು ಹಾಕುತ್ತದೆ. ಕೊರಳಿಗೆ ಮುಳ್ಳಿನ ಪಟ್ಟಿ ಹಾಕಿ. ನಿಮ್ಮ ಕಡೆ ಚಿರತೆಯೂ ಓಡಾಡುತ್ತದೆ, ಅದಕ್ಕೂ ಆಗುತ್ತದೆ. ನಾಯಿಗಳನ್ನು ಮರಿಯಿದ್ದಾಗಿಂದ ಕುರಿಗಳ ನಡುವೆಯೇ ಬೆಳೆಸಬೇಕು. ಹಗಲು ನಿಮ್ಮ ನಾಯಿಯನ್ನು ಹುಲ್ಲುಗಾವಲಿಗೆ ಸುಮ್ಮನೆ ಬಿಡಬೇಡಿ, ಅದೂ ಆ ಹಿಂಡಿಗೆ ಸೇರಿಕೊಳ್ಳುತ್ತದೆ.

ಗೌರಿಬಿದನೂರಿನಿಂದ

ಮೇಲಿನವರು ಹೇಳಿದ್ದನ್ನೆಲ್ಲ ಮಾಡಿ. ಆದರೆ ಹಿಂಡು ಯಾಕೆ ಬಂತು ಅಂತ ಹುಡುಕದೆ ರೊಪ್ಪ ಮಾತ್ರ ಭದ್ರ ಮಾಡಿದರೆ, ಅದು ನಿಮ್ಮದು ಬಿಟ್ಟು ಪಕ್ಕದವರ ರೊಪ್ಪಕ್ಕೆ ಹೋಗುತ್ತದೆ. ನಮ್ಮಲ್ಲಿ ಆಗಿದ್ದೇ ಅದು.

ನಮ್ಮೂರಲ್ಲಿ ನಾಯಿಗಳು ಎಲ್ಲಿಂದ ಬರುತ್ತವೆ ಅಂತ ಯಾರಿಗೂ ಗೊತ್ತಿರಲಿಲ್ಲ, ಕಾಡಿಂದ ಬರುತ್ತವೆ ಅಂತಲೇ ಎಲ್ಲರ ಮಾತು. ಒಂದಿನ ಬೆಳಕು ಹರಿಯುವ ಹೊತ್ತಿಗೆ ಅವು ಹೋದ ದಾರಿ ಹಿಡಿದು ಇಬ್ಬರು ಹುಡುಗರು ಬೈಕಲ್ಲಿ ಹೋದರು. ಹಿಂಡು ನೇರವಾಗಿ ಕೆರೆ ಏರಿಗೆ ಹೋಯಿತು. ಏರಿಯ ಹಿಂಬದಿಯಲ್ಲಿ ಕೋಳಿ ಅಂಗಡಿಗಳ ಚೀಲಗಳು ಬಿದ್ದಿದ್ದವು, ಪುಕ್ಕ, ಕರುಳು, ತಲೆ. ಪಕ್ಕದಲ್ಲಿ ಒಂದು ಫಾರಂನವರು ಸತ್ತ ಕೋಳಿಗಳನ್ನೂ ತಂದು ಸುರಿದಿದ್ದರು. ಚೀಲಗಳ ಸುತ್ತ ನೆಲವೆಲ್ಲ ಗಟ್ಟಿಯಾಗಿ ತುಳಿದು ಹೋಗಿತ್ತು, ಜಾಲಿ ಪೊದೆಯ ಕೆಳಗೆ ಹಾಲು ಕುಡಿಯುವ ಮರಿಗಳಿದ್ದವು. ನಾವೇ ದಿನಾ ಊಟ ಹಾಕಿ ಹಿಂಡನ್ನು ಸಾಕುತ್ತಿದ್ದೆವು, ಕುರಿ ಕೊಲ್ಲುವುದು ಅದರ ಮೇಲಿನ ಆಟ. ಹೊಟ್ಟೆ ತುಂಬಿದ ನಾಯಿ ಹಸಿವಿಗೆ ಕುರಿ ಹಿಡಿಯುವುದಿಲ್ಲ, ಓಡುವುದನ್ನು ಕಂಡರೆ ಅಟ್ಟುತ್ತದೆ. ಅದಕ್ಕೇ ಕೊಂದು ಹಾಗೇ ಬಿಟ್ಟು ಹೋಗುತ್ತದೆ. ಕೃಷ್ಣಮೃಗದ ಮರಿ ವಿಷಯದಲ್ಲೂ ಇದೇ.

ಆಮೇಲೆ ಕೋಳಿ ಅಂಗಡಿಯವರನ್ನು ಕೂರಿಸಿ ಮಾತಾಡಿದೆವು. ಜಗಳ ಆಯಿತು, ಆದರೂ ಪಂಚಾಯಿತಿ ಒಂದು ಆಳವಾದ ಗುಂಡಿ ತೆಗೆಸಿಕೊಟ್ಟಿತು. ದಿನದ ತ್ಯಾಜ್ಯ ಅದರಲ್ಲಿ ಹಾಕಿ, ಮೇಲೆ ಸುಣ್ಣ, ಮೇಲೆ ಮಣ್ಣು. ಗುಂಡಿಗೆ ಮುಚ್ಚಳ ಕಡ್ಡಾಯ, ಇಲ್ಲದಿದ್ದರೆ ಅದೇ ಹೊಸ ಊಟದ ತಟ್ಟೆ ಆಗುತ್ತದೆ. ಸತ್ತ ಕುರಿ, ದನಗಳನ್ನೂ ಹಳ್ಳಕ್ಕೆ ಎಳೆದು ಹಾಕುವುದು ನಿಂತಿತು. ನಾಯಿ ಮಾಯವಾದವು ಅಂತ ನಾನು ಹೇಳುವುದಿಲ್ಲ. ಏರಿಯ ಮೇಲೆ ಹಿಂಡು ಕಟ್ಟುವುದು ನಿಂತಿತು, ಒಂದೊಂದಾಗಿ ಊರೊಳಗಿನ ಮನೆಗಳ ಹತ್ತಿರ ಚದುರಿದವು. ಚದುರಿದ ನಾಯಿಯನ್ನು ಹಿಡಿದು ಲಸಿಕೆ ಹಾಕಬಹುದು, ಹಿಂಡನ್ನು ಆಗುವುದಿಲ್ಲ.

ಬೇರೆ ಕಡೆ ಬಿಟ್ಟು ಬರುವ ಮಾತಿಗೆ: 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಹಿಡಿದ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. ರೇಬೀಸ್ ಇರುವ ನಾಯಿ, ಜನರ ಮೇಲೆ ಬೀಳುವ ನಾಯಿಯನ್ನು ಹಾಗೆ ವಾಪಸ್ ಬಿಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಹೇಳಿದೆ. ಕಾನೂನು ಬಿಡಿ, ಬುದ್ಧಿಯಿಂದ ನೋಡಿದರೂ ಹಿಡಿದ ಜಾಗದಲ್ಲೇ ಬಿಡುವುದು ಸರಿ. ತಿನ್ನಲು ಸಿಗುವ ಜಾಗದಲ್ಲಿ ನಾಯಿ ಇಲ್ಲದೆ ಖಾಲಿಯಾದರೆ ಪಕ್ಕದೂರಿನ ಲಸಿಕೆ ಇಲ್ಲದ ನಾಯಿ ಅಲ್ಲಿಗೆ ಬಂದು ಕೂರುತ್ತದೆ. ಒಂದು ಹೆಣ್ಣುನಾಯಿ ವರ್ಷಕ್ಕೆ ಎರಡು ಸಲ ಮರಿ ಹಾಕಬಲ್ಲದು, ಬಸಿರು ಎರಡೇ ತಿಂಗಳು. ಅದಕ್ಕೇ ಹೆಣ್ಣುನಾಯಿಗಳನ್ನೇ ಮೊದಲು ಹಿಡಿಯಿರಿ ಅಂತ ನನ್ನ ಒತ್ತಾಯ. ಆಪರೇಷನ್ ಆದ ನಾಯಿಯ ಕಿವಿ ಅಂಚಿನಲ್ಲಿ ಸಣ್ಣ ಕಚ್ಚು ಹಾಕಿರುತ್ತಾರೆ, ದೂರದಿಂದಲೇ ಗೊತ್ತಾಗುತ್ತದೆ.

ಜವಾಬ್ದಾರಿ ಗ್ರಾಮ ಪಂಚಾಯಿತಿಯದು. ಒಂದೇ ಪಂಚಾಯಿತಿಗೆ ಹಣ, ಕೆನ್ನೆಲ್, ವೈದ್ಯರು ಎಲ್ಲ ಒದಗಿಸುವುದು ಕಷ್ಟ. ಅಕ್ಕಪಕ್ಕದ ಪಂಚಾಯಿತಿಗಳು ಸೇರಿ ತಾಲ್ಲೂಕು ಪಂಚಾಯಿತಿಗೆ ಹೋಗಿ. ಶಸ್ತ್ರಚಿಕಿತ್ಸೆ ತಡವಾದರೂ ಲಸಿಕೆಗೆ ಕಾಯಬೇಡಿ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಹೊತ್ತಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಶಿಬಿರ ಇಡುತ್ತಾರೆ. ಸಾಕಿದ ನಾಯಿಗಳನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗಿ.

ಚಿಂತಾಮಣಿಯಿಂದ, ಪಶುವೈದ್ಯ ಇಲಾಖೆಯಲ್ಲಿದ್ದವರು

ಕೇಳಿದವರ ಪಕ್ಕದ ಮನೆಯವರು ಸತ್ತ ಕುರಿಗಳನ್ನು ಹೂತುಬಿಟ್ಟರೇ? ಹೂಳುವ ಮೊದಲೇ ವೈದ್ಯರಿಗೆ ತೋರಿಸಬೇಕು. ಕೊಂದಿದ್ದು ನಾಯಿಯೋ ಚಿರತೆಯೋ ತೋಳವೋ ಎಂಬುದರ ಮೇಲೆ ಪರಿಹಾರ ಯಾರ ಬಾಗಿಲಲ್ಲಿ ಕೇಳಬೇಕು ಅನ್ನುವುದು ನಿಂತಿದೆ. ಕಾಡುಪ್ರಾಣಿ ಕೊಂದರೆ ಅರಣ್ಯ ಇಲಾಖೆ. ಬೇರೆ ರೀತಿ ಕುರಿ ಸತ್ತರೆ ಅನುಗ್ರಹ ಯೋಜನೆಯಲ್ಲಿ ಸಿಗುತ್ತದೋ ಅಂತ ನಿಮ್ಮ ಪಶು ಆಸ್ಪತ್ರೆಯಲ್ಲೇ ವಿಚಾರಿಸಿ. ಎಲ್ಲಿ ಕೇಳಿದರೂ ಮರಣೋತ್ತರ ಪರೀಕ್ಷೆಯ ವರದಿ ಬೇಕೇ ಬೇಕು.

ಗಾಯ ನೋಡಿ. ಚಿರತೆಯಾದರೆ ಗಂಟಲಲ್ಲಿ ಆಳವಾದ ಹಲ್ಲಿನ ತೂತುಗಳು ಇರುತ್ತವೆ, ಹೆಣವನ್ನು ಎಳೆದುಕೊಂಡು ಹೋಗಿರುತ್ತದೆ, ಹೆಜ್ಜೆಯಲ್ಲಿ ಉಗುರು ಮೂಡಿರುವುದಿಲ್ಲ. ನಾಯಿಯಾದರೆ ಹಿಂದೊಡೆ, ಬಾಲದ ಬುಡ, ಕೆಚ್ಚಲು, ಕಿವಿ ಹೀಗೆ ಸಿಕ್ಕಸಿಕ್ಕ ಕಡೆ ಹರಿದಿರುತ್ತದೆ, ಉಗುರಿನ ಗುರುತು ಇರುತ್ತದೆ. ತೋಳದ ಹೆಜ್ಜೆ ನಾಯಿಯದರಂತೆಯೇ ಕಾಣುತ್ತದೆ, ಹೆಜ್ಜೆ ನೋಡಿ ಮಾತ್ರ ತೀರ್ಮಾನ ಮಾಡಬೇಡಿ.

ಬದುಕಿದ ಕುರಿಗಳ ಮೇಲೆ ಗಮನ ಇರಲಿ. ಉಣ್ಣೆಯೊಳಗೆ ಗಾಯ ಕಾಣುವುದಿಲ್ಲ. ಕೈಗವಸು ಹಾಕಿ, ಉಣ್ಣೆ ಕತ್ತರಿಸಿ, ಮೈಯೆಲ್ಲ ತಡವಿ ನೋಡಿ. ನಾಲ್ಕು ದಿನ ಬಿಟ್ಟು ಹುಳ ಬಿದ್ದ ಮೇಲೆ ಕರೆದರೆ ನಮ್ಮ ಕೈಯಲ್ಲೂ ಹೆಚ್ಚೇನೂ ಆಗುವುದಿಲ್ಲ. ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ. ಕಚ್ಚಿಸಿಕೊಂಡ ಕುರಿ, ಹಸುಗಳಿಗೂ ರೇಬೀಸ್ ಲಸಿಕೆಯ ಸರಣಿ ಇದೆ. ವಾರಗಳಾದ ಮೇಲೆ ಪ್ರಾಣಿ ಜೊಲ್ಲು ಸುರಿಸುತ್ತಾ, ದನಿ ಬದಲಾಗಿ, ಮೇವು ನುಂಗಲಾರದೆ ನಿಂತರೆ ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ಬಾಯೊಳಗೆ ಕೈ ಹಾಕಬೇಡಿ. ಹಾಗೆ ಕೈ ಹಾಕಿ ಆಮೇಲೆ ಆಸ್ಪತ್ರೆಗೆ ಓಡಿದ ರೈತರನ್ನು ಕಂಡಿದ್ದೇನೆ.

ಮನುಷ್ಯರಿಗೆ ಕಚ್ಚಿದರೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ, ನಾಟಿ ಔಷಧಿ ಅಂತ ದಿನ ಕಳೆಯಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ರಕ್ತ ಬಂದ ಗಾಯಕ್ಕೆ ಲಸಿಕೆ ಜೊತೆ ಇಮ್ಯುನೋಗ್ಲಾಬ್ಯುಲಿನ್ ಅನ್ನುವ ಇನ್ನೊಂದು ಚುಚ್ಚುಮದ್ದು ಕೂಡ ಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಲ್ಲ ಅಂದರೆ ತಾಲ್ಲೂಕು ಅಥವಾ ಜಿಲ್ಲಾಸ್ಪತ್ರೆಗೆ ಹೋಗಲೇಬೇಕು. ಲಕ್ಷಣ ಕಂಡ ಮೇಲೆ ರೇಬೀಸ್‌ಗೆ ಚಿಕಿತ್ಸೆ ಇಲ್ಲ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಇನ್ನೊಂದು ವಿಷಯ. ಯುಗಾದಿ ಹೊಸತೊಡಕಿನ ದಿನ ಹೊರಗಿನವರು ನಾಯಿ ಕಟ್ಟಿಕೊಂಡು ಮೊಲಕ್ಕೆ ಬರುತ್ತಾರೆ. ಸೋತ ನಾಯಿಗಳನ್ನು ಇಲ್ಲೇ ಬಿಟ್ಟು ಹೋಗುತ್ತಾರೆ ಅಂತ ನಮಗೆ ಅನುಮಾನ.

ತುಮಕೂರಿನಿಂದ

ನಾಯಿ ಬಿಟ್ಟು ಮೊಲ ಹಿಡಿಸುವುದೂ ಕಾನೂನಿನಲ್ಲಿ ಬೇಟೆಯೇ, ಹಬ್ಬಕ್ಕೆ ವಿನಾಯಿತಿ ಇಲ್ಲ. ಬಂದವರ ಎದುರು ನೀವೊಬ್ಬರೇ ನಿಲ್ಲಬೇಡಿ. ಹಬ್ಬಕ್ಕೆ ಮೊದಲೇ ವಲಯ ಅರಣ್ಯ ಕಚೇರಿಗೆ ಬರೆದು ಕೊಡಿ, ಆ ದಿನ ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಮೈದನಹಳ್ಳಿಯ ಸಂರಕ್ಷಿತ ಪ್ರದೇಶ 798 ಎಕರೆ, ಘೋಷಣೆಯಾದದ್ದು 2007ರಲ್ಲಿ. ಜಿಂಕೆಗಳು ಆ ಗಡಿಯೊಳಗೇ ನಿಲ್ಲುವುದಿಲ್ಲ, ನಿಮ್ಮ ಹುರುಳಿ ಹೊಲಕ್ಕೂ ಬರುತ್ತವೆ. ತಾಯಿ ಮೊದಲ ದಿನಗಳಲ್ಲಿ ಮರಿಯನ್ನು ಹುಲ್ಲಲ್ಲಿ ಅಡಗಿಸಿ ದೂರ ಮೇಯುತ್ತದೆ. ಒಂಟಿ ಮರಿ ಕಂಡರೆ ಅನಾಥ ಅಂತ ಮನೆಗೆ ತರಬೇಡಿ, ನಿಮ್ಮ ನಾಯಿಯನ್ನು ಕಟ್ಟಿಹಾಕಿ ಆ ಜಾಗ ಬಿಟ್ಟು ಬನ್ನಿ. ನಾಯಿ ಅಟ್ಟಿದಾಗ ಓಡಿದ ಜಿಂಕೆ ಗಾಯವಿಲ್ಲದೆಯೂ ಆಯಾಸ, ಗಾಬರಿಗೆ ಸಾಯಬಹುದು. ನಿಮ್ಮ ಬದುವಿನಲ್ಲಿ ಹಳೆಯ ಮುಳ್ಳುತಂತಿ ಜೋತುಬಿದ್ದಿದ್ದರೆ ಈ ವಾರವೇ ತೆಗೆಯಿರಿ, ಓಡುವ ಜಿಂಕೆ ಸಿಕ್ಕಿಕೊಳ್ಳುವುದು ಅಲ್ಲೇ.

ಅರ್ಜಿಯಲ್ಲಿ ಬರೀ "ನಾಯಿ ಕಾಟ" ಅಂತ ಬರೆದರೆ ಕಡತದಲ್ಲೇ ಉಳಿಯುತ್ತದೆ. ಹಿಂಡು ಬಂದ ತಾರೀಖು, ಹೊತ್ತು, ಎಷ್ಟು ನಾಯಿ, ಯಾವ ಕಡೆಯಿಂದ ಬಂದವು, ತ್ಯಾಜ್ಯ ಸುರಿಯುವ ಜಾಗ ಯಾವುದು, ಇಷ್ಟನ್ನೂ ಬರೆದು ಫೋಟೊ ಲಗತ್ತಿಸಿ. ಪಂಚಾಯಿತಿ ಪಿಡಿಒ, ಪಶು ಆಸ್ಪತ್ರೆ, ಅರಣ್ಯ ಕಚೇರಿ ಮೂರಕ್ಕೂ ಪ್ರತಿ ಕೊಟ್ಟು, ಮೂರರ ಮೇಲೂ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.