ಈ ವಾರದ ಮಳೆ: ಹವಾಮಾನದವರನ್ನು ಕೇಳಿ

ಹವಾಮಾನದವರು: ಗುಜರಾತಿನಿಂದ ಕೇರಳದವರೆಗೆ ಕಡಲಂಚಿನಲ್ಲಿ ಕಡಿಮೆ ಒತ್ತಡದ ಪಟ್ಟಿ ನಿಂತಿದೆ. ಗುರುವಾರದವರೆಗೆ ಕರಾವಳಿ, ಘಟ್ಟದಲ್ಲಿ ಜೋರು ಮಳೆ. ಶುಕ್ರವಾರದಿಂದ ಇಳಿಯಬಹುದು. ಬಯಲುಸೀಮೆಗೆ ಗಾಳಿಯೇ ಜಾಸ್ತಿ. ಕೇಳಿ.

ಸಾಗರದ ಬೆಳೆಗಾರ: ಬುಧವಾರ ಅಡಿಕೆಗೆ ಕೊಳೆರೋಗದ ಬೋರ್ಡೋ ಔಷಧಿ ಹೊಡೆಯಬಹುದಾ? ಮರ ಹತ್ತುವ ಕೊನೆಗೌಡ ಸಿಗುವುದೇ ಅವತ್ತು.

ಹವಾಮಾನದವರು: ಬೇಡ. ತೊಳೆದು ಹೋಗುತ್ತದೆ, ಮರವೂ ಜಾರುತ್ತದೆ.

ಉಡುಪಿ ಅಮ್ಮ: ನಾಳೆ ಶಾಲೆಗೆ ರಜೆನಾ ಸಾರ್?

ಹವಾಮಾನದವರು: ಡಿಸಿ ಹೇಳಬೇಕು.

ಚಿತ್ರದುರ್ಗ ರೈತ: ನಮ್ಮ ಮೆಕ್ಕೆಜೋಳ ಬಾಡ್ತಿದೆ. ನಮಗೆ ಯಾವಾಗ?

ಹೊಸನಗರ: ಅಮ್ಮನ ಮನೆ ಹಿಂದೆ ಗುಡ್ಡ ಕಡಿದ ಧರೆ ಮೇಲೆ ಬೆರಳು ತೂರುವಷ್ಟು ಬಿರುಕು. ಬುಡದಲ್ಲಿ ಒರತೆಯಂತೆ ಜಲ ಎದ್ದಿದೆ, ನಿನ್ನೆಯಿಂದ ನೀರು ಕೆಂಪು. ಮಳೆ ಕಡಿಮೆಯಾದರೆ ಸರಿಹೋಗುತ್ತಾ?

ಹವಾಮಾನದವರು: ಇಲ್ಲ. ಮಳೆಗಾಲದಲ್ಲಿ ತಿಳಿನೀರಿನ ಜಲ ಏಳುವುದು ಮಾಮೂಲು, ಆದರೆ ಅದು ಕೆಂಪಾಯಿತು ಅಂದರೆ ಒಳಗಿನ ಮಣ್ಣು ಕರಗಿ ಹೊರಗೆ ಬರುತ್ತಿದೆ. ಮನೆಗೆ ಜಾಗ ಮಾಡಲು ಗುಡ್ಡವನ್ನು ನೆಟ್ಟಗೆ ಕಡಿದಿರುತ್ತಾರೆ, ಬುಡಕ್ಕೆ ಆಸರೆ ಇರುವುದಿಲ್ಲ, ಮೇಲೆ ನೀರು ಕುಡಿದ ಮಣ್ಣಿನ ಭಾರ. ಇಂಥದ್ದು ಮಳೆ ಬಿಟ್ಟ ಮೇಲೂ ಕುಸಿಯುತ್ತದೆ, ಹಾಗಾಗಿ ನಾನು ಹೇಳಿದ ಶುಕ್ರವಾರ ನಿಮಗಲ್ಲ. ಕತ್ತಲಾಗುವ ಮೊದಲು ಅಮ್ಮನನ್ನು ಕರೆತನ್ನಿ. ಟಾರ್ಪಾಲು ಹೊದಿಸಲು ಯಾರೂ ಮೇಲೆ ಹತ್ತಬೇಡಿ. ತಾಲೂಕು ಕಚೇರಿಗೆ ತಿಳಿಸಿ, ಸಿಗದಿದ್ದರೆ 112. 2018ರಲ್ಲಿ ಕೊಡಗು, 2024ರಲ್ಲಿ ಅಂಕೋಲಾದ ಶಿರೂರು, ಎರಡನ್ನೂ ನೋಡಿದ್ದೇವೆ.

ಕೊಪ್ಪ: ಬಿರುಕಿಗೆ ಸಿಮೆಂಟ್ ನೀರು ಸುರಿದರೆ ಧರೆ ನಿಲ್ಲುತ್ತದಂತೆ. ಫಾರ್ವರ್ಡ್ ಬಂದಿದೆ.

ಹವಾಮಾನದವರು: ಬಂದರೆ ಅಳಿಸಿ. ಸುರಿಯುವವನು ನಿಲ್ಲುವುದು ಬಿರುಕಿನ ಮೇಲೆ, ಕಳಿಸಿದವನು ಕೂತಿರುವುದು ಸೋಫಾದಲ್ಲಿ.

ಕುಂದಾಪುರ: ರೆಡ್ ಅಲರ್ಟ್ ಅಂದ್ರು, ಇಲ್ಲಿ ಬಟ್ಟೆ ಒಣಗ್ತಿದೆ! ಪಂಚಾಂಗ ಸಾಕು, ಪುಷ್ಯ ಮಳೆ ಹಿಡಿದರೆ ಬಿಡಲ್ಲ.

ಬೈಂದೂರು: ಇಲ್ಲಿ ಅಂಗಳದಲ್ಲಿ ಮೊಣಕಾಲು ನೀರು. ನಿಮ್ಮ ಬಟ್ಟೆ ಹಗ್ಗ ನೋಡಿ ಜಿಲ್ಲೆಗೆಲ್ಲ ಹೇಳಬೇಡಿ.

ಕುಂದಾಪುರ: ಪಂಚಾಂಗ ಬರೆದವರು ದಡ್ಡರಾ?

ಬೈಂದೂರು: ನೀವು ಹೇಳಿ.

ಹವಾಮಾನದವರು: ರೆಡ್ ಅಂದರೆ ದಿನಕ್ಕೆ 204.4 ಮಿ.ಮೀ. ದಾಟುವ ಸಾಧ್ಯತೆ, ಜಿಲ್ಲೆಯಲ್ಲಿ ಎಲ್ಲಾದರೂ. ಜಗಳ ಬೇರೆ ಕಡೆ ಆಡಿ.

ಶೃಂಗೇರಿ: ಬುಧವಾರ ಬೋರ್ಡೋ ಹೊಡೆಯಬಹುದಾ?

ಹವಾಮಾನದವರು: ಮೇಲೆ ಓದ್ರಿ.

ಕಾರ್ಕಳ: ರಜೆ ಕನ್ಫರ್ಮ್ ಆಯ್ತಾ?

ಹೊಸನಗರ: ಸಾರ್, ಅಮ್ಮ ದನ ಬಿಟ್ಟು ಬರಲ್ಲ ಅಂತ ಕೊಟ್ಟಿಗೆಯಲ್ಲೇ ಕೂತಿದ್ದಾರೆ.

ಹವಾಮಾನದವರು: ಹಗ್ಗ ಬಿಚ್ಚಿ, ದನ ತಾವೇ ಹೋಗುತ್ತವೆ. ಕೊಟ್ಟಿಗೆ ಧರೆ ಕಡೆಗಿದೆಯಾ?